ಸೀಟು ಬದಲಿಸುವ ಮುಂಚೆ

ಮಗಾ,

ನಿನ್ನೆ ನಿಮ್ಮಪ್ಪ ಫೋನ್ ಮಾಡಿದ್ದ. ಹಳೇ ಬೊಲೆರೊ ಪಿಕಪ್‌ಗೆ ಗುಜರಿಯಿಂದ ಸ್ವಿಫ್ಟ್ ಕಾರಿನ ಸೀಟು ತಂದು ಹಾಕಿಸುತ್ತೀಯಂತೆ. ಬೇಡ ಅನ್ನೋಕೆ ಇದನ್ನು ಬರೆಯುತ್ತಿಲ್ಲ, ಹಾಕಿಸು. ವಾರಕ್ಕೆ ಮೂರು ಸಲ ಹಾಸನದಿಂದ ಮಂಗಳೂರಿಗೆ ತರಕಾರಿ ಹೊಡೆಯುವವನಿಗೆ ಬೆನ್ನು ಚೆನ್ನಾಗಿರಬೇಕು. ಟಾಟಾ 207 ಪಿಕಪ್‌ನಲ್ಲಿ 18 ವರ್ಷ ಆ ಹಲಗೆಯಂಥ ಸೀಟಿನ ಮೇಲೆ ಕೂತು, ಈಗ ನನಗೆ ಚಪ್ಪಲಿ ಹಾಕಿಕೊಳ್ಳಬೇಕಾದರೂ ಗೋಡೆ ಹಿಡಿಯಬೇಕು.

ಆದರೆ ಸೀಟನ್ನು ಬರೀ ಮೆತ್ತೆ ಅಂದುಕೊಳ್ಳಬೇಡ. ಬ್ರೇಕ್ ಜೋರಾಗಿ ಒತ್ತುವಾಗ ನಿನ್ನ ಬೆನ್ನಿಗೆ ಆನಿಕೆ ಕೊಡುವುದು ಅದೇ ಅಲ್ವಾ?

ನಿನಗೆ ಬಂದ ಆಸೆ ನನಗೂ ಒಮ್ಮೆ ಬಂದಿತ್ತು. ಹಳೇ ಕಾರಿನ ಸೀಟು ತಂದೆ. ವೆಲ್ಡಿಂಗ್‌ನವನೊಬ್ಬ ಒಂದೇ ಗಂಟೆಯಲ್ಲಿ ತಳದ ತಗಡಿನ ಮೇಲೇ ಅಲ್ಲಿಷ್ಟು ಇಲ್ಲಿಷ್ಟು ಚುಕ್ಕೆ ಚುಕ್ಕೆ ವೆಲ್ಡ್ ಹಾಕಿ ಕೂರಿಸಿಕೊಟ್ಟ. ಎರಡು ತಿಂಗಳು ಸುಖವೋ ಸುಖ. ಆಮೇಲೆ ಒಂದು ದಿನ ನಸುಕಿನಲ್ಲಿ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆ, ಹಿಂದೆ ಹೆಂಚಿನ ಲೋಡು, ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸೋಣ ಅಂತ ಕ್ಲಚ್ ಒತ್ತಿದ್ದಷ್ಟೇ, ಟಪ್ ಅಂತ ಮುಂದಿನ ಎರಡೂ ವೆಲ್ಡ್ ಕಿತ್ತು ಸೀಟು ಹಿಂದಕ್ಕೆ ವಾಲಿತು. ಕಾಲು ಗಾಳಿಯಲ್ಲಿ, ಗಾಡಿ ಹಿಂದಕ್ಕೆ ಜಾರುತ್ತಿದೆ. ಹ್ಯಾಂಡ್ ಬ್ರೇಕ್ ಕೈಗೆ ಸಿಕ್ಕಿದ್ದು ದೇವರ ದಯೆ. ಇಳಿದು ಟಾರ್ಚ್ ಹಾಕಿ ನೋಡಿದರೆ ವೆಲ್ಡ್ ಹಾಗೇ ಇತ್ತು, ಅದರ ಸುತ್ತ ತಗಡು ನೆನೆದ ಕಾಗದದ ಹಾಗೆ ಹರಿದುಹೋಗಿತ್ತು. ಅಂಚೆಲ್ಲ ತುಕ್ಕು.

ಅದಕ್ಕೇ ಹೇಳುತ್ತೇನೆ, ಮೊದಲು ಮ್ಯಾಟ್ ಎತ್ತಿ ತಳ ನೋಡು. ಸ್ಕ್ರೂಡ್ರೈವರ್ ಚುಚ್ಚಿದಾಗ ಒಳಗೆ ಇಳಿದರೆ ಮೊದಲು ಟಿಂಕರಿಂಗ್ ಮಾಡಿಸಿ ತಗಡು ಸರಿಮಾಡಿಸು, ಆಮೇಲೆ ಸೀಟಿನ ಮಾತು. ಕಾರಿನ ಸೀಟಿನ ಕಾಲುಗಳು ಒಂದೇ ಎತ್ತರ ಇರುವುದಿಲ್ಲ, ಆ ಕಾರಿನ ನೆಲಕ್ಕೆ ತಕ್ಕಂತೆ ಮಾಡಿರುತ್ತಾರೆ, ನಿನ್ನ ಪಿಕಪ್ಪಿನ ತೂತುಗಳಿಗೆ ಅವು ಸುಮ್ನೆ ಕೂರುವುದಿಲ್ಲ. ಹಳೇ ಸೀಟಿನ ತೂತುಗಳಿಗೇ ಹೊಂದುವ ಹಾಗೆ ದಪ್ಪ ಪಟ್ಟಿಯಲ್ಲಿ ಒಂದು ಫ್ರೇಮ್ ಮಾಡಿಸಿ ಅದರ ಮೇಲೆ ಕಾರಿನ ಸೀಟು ಹಿಂದೆ ಮುಂದೆ ಜಾರುವ ರೈಲು ಪಟ್ಟಿ ಬಿಗಿಸು. ಬೋಲ್ಟಿನ ತಲೆ ಮೇಲೆ 8.8 ಅಂತ ಒತ್ತಿರಬೇಕು, ಅದು ಬೋಲ್ಟಿನ ಗಟ್ಟಿತನದ ಗುರುತು. ಹೊಸ ತೂತು ಕೊರೆಯಲೇಬೇಕಾದರೆ ಅಡಿಯಿಂದ ಅಂಗೈ ಅಗಲದ ಕಬ್ಬಿಣದ ಪ್ಲೇಟು ಕೊಡಿಸು, ಬರೀ ವಾಷರ್ ಸಾಲದು.

ಬಿಗಿಸುವ ಮುಂಚೆ ಸೀಟಿನಡಿ ಹಲಗೆ ತುಂಡು ಇಟ್ಟು ಒಂದರ್ಧ ಗಂಟೆ ಕೂತು ನೋಡು. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ತೊಡೆ ಸ್ಟೇರಿಂಗಿಗೆ ತಾಗಬಾರದು. ತಲೆ ಮೇಲೆ ಒಂದು ಮುಷ್ಟಿ ಜಾಗ ಬೇಕು.

ಬೆಲ್ಟಿನ ವಿಷಯದಲ್ಲಿ ನನಗೆ ಭಯ ಜಾಸ್ತಿ. ಎಷ್ಟೋ ಕಾರುಗಳಲ್ಲಿ ಬೆಲ್ಟ್ ಸಿಕ್ಕಿಸುವ ಬಕಲ್ ಸೀಟಿಗೇ ಇರುತ್ತದೆ. ಗಾಡಿ ಎಲ್ಲಾದರೂ ಗುದ್ದಿದರೆ ನಿನ್ನ ಭಾರವೂ ಆ ಸೀಟಿನ ಬೋಲ್ಟುಗಳ ಮೇಲೇ ಬೀಳುತ್ತದೆ. ನಿನ್ನ ಗಾಡಿಯ ಬಕಲ್ ನೆಲಕ್ಕೆ ಬಿಗಿದಿದ್ದರೆ ಅದನ್ನು ಮುಟ್ಟಬೇಡ, ಅದನ್ನೇ ಬಳಸು. ಇನ್ನೊಂದು, ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಬರೆದಿದ್ದರೆ ಅಥವಾ ಅಡಿಯಲ್ಲಿ ಅದರ ವೈರಿನ ಹಳದಿ ಕನೆಕ್ಟರ್ ಕಂಡರೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಆ ಸೀಟು ತರಬೇಡ.

ಎಷ್ಟು ಜನ ಕೂರಬಹುದು ಅಂತ ಗಾಡಿಯ ನೋಂದಣಿ ಪತ್ರ ಆರ್‌ಸಿಯಲ್ಲಿ ಬರೆದಿರುತ್ತದೆ. ಅದರಲ್ಲಿರುವ ವಿವರ ಕಂಪನಿ ಮೊದಲು ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಡ್ರೈವರ್ ಸೀಟು ಒಂದನ್ನೇ ಬದಲಿಸು, ಪಕ್ಕದ್ದು ಹಾಗೇ ಇರಲಿ. ಅದಕ್ಕೂ ಮೊದಲು ಆರ್‌ಟಿಒದಲ್ಲಿ ಕೇಳು, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸು. 8 ವರ್ಷ ದಾಟಿದ ಸರಕು ಗಾಡಿಗೆ ವರ್ಷಾ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಬೇಕಲ್ಲ, ಅಲ್ಲಿ ಹೋಗಿ ಸಿಕ್ಕಿಹಾಕಿಕೊಳ್ಳುವುದು ಬೇಡ.

ಹಳೇ ಸೀಟು ಮಾರಬೇಡ, ಅಟ್ಟದ ಮೇಲಿಡು. ಕೆಲಸ ಮುಗಿದ ಮೇಲೆ ಲೋಡ್ ಹಾಕುವ ಮುಂಚೆ ಗಾಡಿಯನ್ನು ನಮ್ಮನೆಗೆ ತಾ. ಒಂದೊಂದು ಬೋಲ್ಟನ್ನೂ ನಾನೇ ಸ್ಪ್ಯಾನರ್ ಹಾಕಿ ನೋಡುತ್ತೇನೆ. ಊಟ ಇಲ್ಲೇ ಮಾಡು, ದೊಡ್ಡಮ್ಮನಿಗೆ ಹೇಳಿಟ್ಟಿದ್ದೇನೆ.

ನಿನ್ನ
ದೊಡ್ಡಪ್ಪ