ಹವಳದ ತೊಟ್ಟಿಗೆ ಮೊದಲು ಬಿಸಿಲು, ಆಮೇಲೆ ಎಲ್‌ಇಡಿ

ಸಂಪಾದಕರಿಗೆ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮನೆಯ ಸಮುದ್ರ ಅಕ್ವೇರಿಯಂಗಳ ಬಗ್ಗೆ ಬಂದ ಲೇಖನ ಓದಿದೆ. ಕನ್ನಡದಲ್ಲಿ ಈ ವಿಷಯಕ್ಕೆ ಅಷ್ಟು ಜಾಗ ಸಿಕ್ಕಿದ್ದಕ್ಕೆ ಸಂತೋಷವಾಯಿತು. ಆದರೆ ಅದರಲ್ಲಿನ ಎರಡು ಮಾತುಗಳನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ. ಹವಳ ಸಾಕುವವರು ಬಿಸಿಲನ್ನು ತೊಟ್ಟಿಯ ಹತ್ತಿರಕ್ಕೂ ಬಿಡಬಾರದು ಎಂಬುದು ಒಂದು. ದೀಪ ಕೊಳ್ಳುವಾಗ ಲೀಟರಿಗೆ ಇಷ್ಟು ಲ್ಯೂಮೆನ್ ಎಂದು ಲೆಕ್ಕ ಹಾಕಬೇಕು ಎಂಬುದು ಇನ್ನೊಂದು. ಭೌತಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಮಂಗಳೂರಿನ ನಮ್ಮ ಹೆಂಚಿನ ಮನೆಯ ಪಡಸಾಲೆಯಲ್ಲಿ ಬಹುಕಾಲದಿಂದ ಮೆದು ಹವಳಗಳ ತೊಟ್ಟಿಯೊಂದಿದೆ. ಈ ಎರಡೂ ಸಲಹೆಗಳು ಓದುಗರ ಹಣವನ್ನೂ ಹವಳಗಳ ಜೀವವನ್ನೂ ಹಾಳುಮಾಡುತ್ತವೆ ಎಂದು ನನಗೆ ಖಚಿತವಾಗಿ ತಿಳಿದಿರುವುದರಿಂದ ಈ ಪತ್ರ.

ಲ್ಯೂಮೆನ್ ಎನ್ನುವುದು ಮನುಷ್ಯನ ಕಣ್ಣಿಗಾಗಿ ಮಾಡಿದ ಅಳತೆ. ನಮ್ಮ ಕಣ್ಣು 555 ನ್ಯಾನೋಮೀಟರ್ ಆಸುಪಾಸಿನ ಹಸಿರಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ. 450ರ ಕಡುನೀಲಿ ಅದಕ್ಕೆ ಮಂಕಾಗಿಯೇ ಕಾಣುತ್ತದೆ. ಹವಳದ ಮೈಯೊಳಗೆ ವಾಸವಾಗಿದ್ದು ಅದಕ್ಕೆ ಅನ್ನ ಬೇಯಿಸಿ ಹಾಕುವ ಸೂಕ್ಷ್ಮ ಪಾಚಿಗೆ ಮಾತ್ರ ಆ ನೀಲಿ ತುಂಬಾ ಬೇಕಾದದ್ದು. ಲ್ಯೂಮೆನ್ ನೋಡಿ ನೀಲಿ ದೀಪ ಕೊಂಡವರಿಗೆ ಬೆಳಕು ಸಾಲದು ಅನ್ನಿಸುತ್ತದೆ. ಇನ್ನೊಂದು ದೀಪ ತೂಗುಹಾಕುತ್ತಾರೆ. ಬೆಳಕು ಅತಿಯಾಗಿ ಸ್ವಲ್ಪ ದಿನದಲ್ಲಿ ಹವಳ ಒಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ, ನೀರು ಕೆಟ್ಟಿತೆಂದು ನೀರನ್ನು ಬದಲಿಸುತ್ತಾರೆ.

ಇಲ್ಲಿ ನೋಡಬೇಕಾದ ಅಳತೆಗೆ ಪಾರ್ ಎನ್ನುತ್ತಾರೆ. 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕಿನ ಕಣಗಳು ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬುದನ್ನು ಮೈಕ್ರೋಮೋಲ್‌ಗಳಲ್ಲಿ ಹೇಳುವ ಲೆಕ್ಕ ಅದು. ಮೋಡವಿಲ್ಲದ ನಡುಹಗಲಿನಲ್ಲಿ ನಮ್ಮ ಅಂಗಳದಲ್ಲಿ ಅದು 2000ದ ಹತ್ತಿರ ಇರುತ್ತದೆ. ಮಶ್ರೂಮ್ ಹವಳ, ಝೋವಾಂತಸ್ ಮುಂತಾದ ಮೆದು ಹವಳಗಳು 50ರಿಂದ 150 ಸಿಕ್ಕರೆ ಸುಖವಾಗಿ ಬೆಳೆಯುತ್ತವೆ. ಅಂಗಳದ ಬಿಸಿಲಿನ ಹತ್ತರಲ್ಲೊಂದು ಪಾಲೂ ಅವಕ್ಕೆ ಬೇಡ. ಹಾಗಿರುವಾಗ ಬಿಸಿಲು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ಅರ್ಥವಿಲ್ಲ. ಎಷ್ಟು ಬಿಡಬೇಕು, ಯಾವ ಹೊತ್ತಿನಲ್ಲಿ ಬಿಡಬೇಕು ಎಂಬುದನ್ನಷ್ಟೇ ಕಲಿಯಬೇಕು.

ಬಿಸಿಲಿನಲ್ಲಿ ಹವಳ ಸಾಕುವುದು ಹೊಸ ಹುಚ್ಚೂ ಅಲ್ಲ. ತೊಟ್ಟಿಯೊಳಗೆ ಹವಳ ಬದುಕಲಾರದು ಎಂದು ಯುರೋಪು, ಅಮೆರಿಕದ ಹವ್ಯಾಸಿಗಳು ನಂಬಿದ್ದ ಕಾಲದಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಸಮುದ್ರದ ನೀರು, ಸೂಕ್ಷ್ಮಜೀವಿಗಳು ನೆಲೆಸಿರುವ ಕಡಲ ಬಂಡೆ, ಗಾಳಿಯ ಗುಳ್ಳೆ ಮತ್ತು ಬಿಸಿಲು ಇಷ್ಟನ್ನೇ ನಂಬಿ ಹವಳಗಳನ್ನು ಉಳಿಸಿಕೊಂಡಿದ್ದರು. 1961ರಲ್ಲಿ ಅವರು ಅದನ್ನು ಬರೆದು ಪ್ರಕಟಿಸಿದರು. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ 1987ರಲ್ಲಿ ತೆರೆದ ಸಾರ್ವಜನಿಕ ಅಕ್ವೇರಿಯಂನ ಹವಳದ ತೊಟ್ಟಿ 25 ಲಕ್ಷ ಲೀಟರಿನದು. ಅದಕ್ಕೆ ಚಾವಣಿಯೇ ಇರಲಿಲ್ಲ. 2021ರಲ್ಲಿ ನವೀಕರಣಕ್ಕೆಂದು ಬಾಗಿಲು ಹಾಕುವವರೆಗೂ ಅಲ್ಲಿನ ಹವಳಗಳು ತೆರೆದ ಆಕಾಶದ ಬಿಸಿಲು, ಮಳೆಯ ಕೆಳಗೇ ಬೆಳೆದವು. ಜಕಾರ್ತಾ ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಆರು ಡಿಗ್ರಿ, ಟೌನ್ಸ್‌ವಿಲ್ ಹತ್ತೊಂಬತ್ತು ಡಿಗ್ರಿ. ನಾವು ಉತ್ತರಕ್ಕೆ ಹದಿಮೂರು ಡಿಗ್ರಿಯಲ್ಲಿದ್ದೇವೆ. ಅವರಿಗೆ ಒದಗಿದ ಸೂರ್ಯ ನಮಗೇಕೆ ಬೇಡವಾದ?

ಲೇಖಕರ ಆತಂಕಕ್ಕೆ ಆಧಾರವಿಲ್ಲ ಎಂದು ನಾನು ಹೇಳುವುದಿಲ್ಲ. ಕಡಲಿನ ಹತ್ತು ಮೀಟರ್ ಆಳಕ್ಕೆ ಇಳಿಯುವಷ್ಟರಲ್ಲಿ ಬಿಸಿಲಿನ ಕೆಂಪು ಬಹುತೇಕ ನೀರಿನಲ್ಲೇ ಕರಗಿಹೋಗಿ ನೀಲಿ ಉಳಿದಿರುತ್ತದೆ. ನಮ್ಮ ತೊಟ್ಟಿಯ ಆಳ ಎರಡು ಅಡಿ. ಅಷ್ಟು ನೀರು ಯಾವ ಬಣ್ಣವನ್ನೂ ಹೆಚ್ಚಾಗಿ ಸೋಸುವುದಿಲ್ಲ. ಕೆಂಪು, ಹಳದಿ ಎಲ್ಲವೂ ತಳದವರೆಗೆ ಇಳಿಯುತ್ತವೆ, ಜೊತೆಗೆ ಕಾವೂ ಇಳಿಯುತ್ತದೆ. ಆಳದಿಂದ ಬಂದ ಹವಳಕ್ಕೆ ನೀಲಿ ಎಲ್‌ಇಡಿಯೇ ತವರಿನ ಬೆಳಕಿಗೆ ಹೆಚ್ಚು ಹತ್ತಿರ ಎಂಬುದು ನಿಜ. ಆದರೆ ಎಲ್ಲ ಹವಳಗಳೂ ಆಳದವಲ್ಲ. ಲಕ್ಷದ್ವೀಪದ ಲಗೂನುಗಳಲ್ಲಿ ಮೊಣಕಾಲುದ್ದ ನೀರಿನಲ್ಲಿ, ಇಳಿತದ ಹೊತ್ತಿನಲ್ಲಿ ಮೈ ಹೊರಗೆ ಕಾಣುವಷ್ಟು ಮೇಲೆ, ಹವಳಗಳು ನೆತ್ತಿಯ ಬಿಸಿಲನ್ನು ತಡೆದುಕೊಂಡು ಬದುಕಿವೆ. ಅವುಗಳನ್ನು ಕೊಲ್ಲುವುದು ಬಿಸಿಲೊಂದೇ ಅಲ್ಲ, ಬಿಸಿಲು ಮತ್ತು ಕಾದ ನೀರು ಎರಡೂ ಒಟ್ಟಿಗೆ ಬಂದಾಗ. 1998ರಲ್ಲಿ, 2010ರಲ್ಲಿ, 2016ರಲ್ಲಿ ಲಕ್ಷದ್ವೀಪ ಬಿಳಿಚಿಕೊಂಡದ್ದು ಹಾಗೆ. ತೊಟ್ಟಿಯಲ್ಲೂ ಅದೇ ನಿಯಮ. ನೀರು 26 ಡಿಗ್ರಿಯ ಸುತ್ತ ಇದ್ದರೆ ಹೆಚ್ಚಿನ ಬೆಳಕನ್ನು ಹವಳ ಅರಗಿಸಿಕೊಳ್ಳುತ್ತದೆ, 30 ದಾಟಿ ಅಲ್ಲೇ ನಿಂತರೆ ಅದೇ ಬೆಳಕು ವಿಷವಾಗುತ್ತದೆ.

ನಮ್ಮ ಕರಾವಳಿಯ ಮನೆಗಳಲ್ಲಿ ಇದಕ್ಕೆ ಸಿದ್ಧವಾದ ಉಪಾಯವಿದೆ. ಅದು ಗಾಜಿನ ಹೆಂಚು. ಕತ್ತಲ ಅಡುಗೆಮನೆಗೆ ಬೆಳಕು ಬರಲೆಂದು ಹಿರಿಯರು ಮಾಡಿನ ನಡುವೆ ಕೂರಿಸುತ್ತಿದ್ದ ಅದೇ ಹೆಂಚು. ಕಣ್ಣಿಗೆ ಕಾಣುವ ಬೆಳಕನ್ನು ಗಾಜು ಬಹುಪಾಲು ಒಳಗೆ ಬಿಡುತ್ತದೆ, ಅತಿನೇರಳೆಯ ತೀಕ್ಷ್ಣ ಭಾಗವನ್ನು ತಡೆಯುತ್ತದೆ. ಆದರೆ ಹೆಂಚನ್ನು ಎಲ್ಲೆಂದರಲ್ಲಿ ಕೂರಿಸಿ ಕೈ ತೊಳೆದುಕೊಳ್ಳುವಂತಿಲ್ಲ, ಏಕೆಂದರೆ ಸೂರ್ಯ ಒಂದೆಡೆ ನಿಲ್ಲುವವನಲ್ಲ. ಮಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಮಧ್ಯಾಹ್ನ ಹನ್ನೆರಡೂವರೆಯ ಆಸುಪಾಸಿನಲ್ಲಿ ಅವನು ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಶೂನ್ಯ ನೆರಳಿನ ದಿನವೆಂದು ನಿಮ್ಮ ಪತ್ರಿಕೆಯೂ ಬರೆಯುತ್ತದೆ. ತೊಟ್ಟಿಗಿಂತ ಹತ್ತು ಅಡಿ ಮೇಲಿರುವ ಹೆಂಚಿನ ಬಿಸಿಲು ಆ ದಿನ ನೇರ ಕೆಳಗೆ ಬೀಳುತ್ತದೆ. ಜೂನ್‌ನಲ್ಲಿ ನಡುಹಗಲಿನ ಬಿಸಿಲ ಕೋಲು ಎರಡು ಅಡಿಯಷ್ಟು ದಕ್ಷಿಣಕ್ಕೆ ಸರಿಯುತ್ತದೆ, ಡಿಸೆಂಬರಿನಲ್ಲಿ ಏಳು ಅಡಿಗೂ ಮಿಕ್ಕಿ ಉತ್ತರಕ್ಕೆ ಹೋಗುತ್ತದೆ. ಹೀಗಾಗಿ ಒಂದು ಹೆಂಚು ಸಾಲದು. ಉತ್ತರ ದಕ್ಷಿಣವಾಗಿ ಒಂದು ಸಾಲು ಬೇಕು. ಬೇಸಗೆಯಲ್ಲಿ ಬೇಡವಾದವನ್ನು ಅಡಿಕೆ ಸಸಿಗಳ ನರ್ಸರಿಯವರು ಬಳಸುವ ಹಸಿರು ನೆರಳು ಬಲೆಯಿಂದ ಮುಚ್ಚಬೇಕು. ಬಲೆ ಒಂದು ಪದರವೋ ಎರಡು ಪದರವೋ ಎಂಬುದನ್ನು ಪಾರ್ ಅಳೆಯುವ ಮೀಟರ್ ಹೇಳುತ್ತದೆ.

ಬಿಸಿಲ ಕೋಲು ತೊಟ್ಟಿಗೆ ಬರುವ ಹೊತ್ತನ್ನು ನಿಮ್ಮ ಲೇಖಕರು ಒಮ್ಮೆ ನೋಡಬೇಕೆಂದು ನನ್ನ ಆಸೆ. ಕೋಲು ಬಂಡೆಯ ಪಶ್ಚಿಮದ ಅಂಚನ್ನು ಮುಟ್ಟುತ್ತದೆ. ನೀರಿನ ಮೇಲಿನ ಅಲೆಗಳು ಮಸೂರಗಳಾಗಿ ಬೆಳಕಿನ ಗೆರೆಗಳನ್ನು ಹೆಣೆದು ಮರಳಿನ ಮೇಲೆ ಓಡಿಸುತ್ತವೆ. ಮುದುಡಿಕೊಂಡಿದ್ದ ಝೋವಾಂತಸ್ ಗುಂಪಿನಲ್ಲಿ ಮೊದಲು ಅಂಚಿನವು, ಆಮೇಲೆ ನಡುವಿನವು ಬಾಯಿಯ ಸುತ್ತಲಿನ ಕಿತ್ತಳೆ ಎಳೆಗಳನ್ನು ಬಿಡಿಸಿಕೊಳ್ಳುತ್ತವೆ. ಕೋಲು ಪೂರ್ವಕ್ಕೆ ಸರಿದಂತೆ ಅರಳುವುದೂ ಪೂರ್ವಕ್ಕೆ ಸರಿಯುತ್ತದೆ. ಮಶ್ರೂಮ್ ಹವಳ ಮಾತ್ರ ನೇರ ಬಿಸಿಲನ್ನು ಇಷ್ಟಪಡುವುದಿಲ್ಲ. ಅಂಚನ್ನು ಒಳಗೆ ಮಡಚಿಕೊಳ್ಳುತ್ತದೆ. ಅದನ್ನು ಬಂಡೆಯ ನೆರಳಿನ ಬದಿಗೆ ಇಟ್ಟಿದ್ದೇನೆ. ಒಂದೇ ತೊಟ್ಟಿಯಲ್ಲಿ ಇಬ್ಬರಿಗೂ ಜಾಗ ಮಾಡಿಕೊಡುವ ಈ ಏರಿಳಿತ ಮೇಲಿನಿಂದ ಸಮನಾಗಿ ಸುರಿಯುವ ದೀಪದಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಬಿಸಿಲಿನಲ್ಲಿ ಬಣ್ಣ ಮಂಕು ಎಂದು ಅಂಗಡಿಗಳಲ್ಲಿ ಹೇಳುತ್ತಾರೆ. ನೀಲಿ ದೀಪದ ಕೆಳಗೆ ಹವಳ ಹೊಳೆಯುವುದು ಅದರ ಮೈಯಲ್ಲಿರುವ ಪ್ರತಿದೀಪ್ತ ಪ್ರೋಟೀನುಗಳಿಂದ. ನೀಲಿಯನ್ನು ಹೀರಿ ಹಸಿರನ್ನೋ ಕೆಂಪನ್ನೋ ಹೊರಸೂಸುತ್ತವೆ. ಬಿಸಿಲಿನಲ್ಲೂ ಅವು ಹೊಳೆಯುತ್ತಲೇ ಇರುತ್ತವೆ, ಆದರೆ ಎಲ್ಲ ಬಣ್ಣಗಳ ನಡುವೆ ಕಣ್ಣಿಗೆ ಬೀಳುವುದಿಲ್ಲ. ಮಶ್ರೂಮ್ ಹವಳದ ಅಂಥದೊಂದು ಕೆಂಪು ಪ್ರೋಟೀನನ್ನು 1999ರಲ್ಲಿ ಮಾಸ್ಕೋದ ವಿಜ್ಞಾನಿಗಳು ಗುರುತಿಸಿದರು, ಇಂದು ಜಗತ್ತಿನ ಜೀವಕೋಶ ಪ್ರಯೋಗಾಲಯಗಳಲ್ಲೆಲ್ಲ ಅದರ ಸಂತತಿಯ ಬಳಕೆಯಿದೆ. ಅಷ್ಟು ಚೆಂದದ ವಸ್ತು ಅದು, ಅದನ್ನು ನೋಡಿ ಹಿಗ್ಗುವವರ ಸಂತೋಷ ನನಗೂ ಅರ್ಥವಾಗುತ್ತದೆ. ಆದರೆ ಹೊಳಪು ಆರೋಗ್ಯದ ಗುರುತಲ್ಲ. ಬಿಳಿ ಬೆಳಕಿನಲ್ಲಿ ಕಾಣುವ ಆ ಸಾದಾ ಕಂದು ಬಣ್ಣ ಒಳಗಿನ ಪಾಚಿಯದು. ಪಾಚಿ ತುಂಬಿರುವ ಹವಳ ಹೊಟ್ಟೆ ತುಂಬಿದ ಹವಳ. ಕೊಳ್ಳುವ ಮೊದಲು ನೀಲಿ ದೀಪ ಆರಿಸಿ ತೋರಿಸಿ ಎಂದು ಕೇಳಿ. ತೋರಿಸದ ಅಂಗಡಿಯಿಂದ ಕೊಳ್ಳಬೇಡಿ.

ಎಲ್‌ಇಡಿಯ ಶಕ್ತಿಯನ್ನು ನಾನು ಕಡೆಗಣಿಸುವವಳಲ್ಲ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂದಾಗ ತರಗತಿಯಲ್ಲಿ ಪಾಠ ಬದಿಗಿಟ್ಟು ಅದನ್ನೇ ಹೇಳಿದವಳು. ಮೊದಲಿನ 250 ವ್ಯಾಟಿನ ಮೆಟಲ್ ಹ್ಯಾಲೈಡ್ ದೀಪ ದಿನಕ್ಕೆ ಎಂಟು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಅದು ಕಾಯಿಸಿದ ನೀರನ್ನು ತಣಿಸುವ ಚಿಲ್ಲರ್‌ನ ಖರ್ಚು ಬೇರೆ. 100 ವ್ಯಾಟಿನ ಎಲ್‌ಇಡಿಗೆ 24 ಯೂನಿಟ್ ಸಾಕು. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದಲ್ಲಿ ಜೇಮಿ ಕ್ರ್ಯಾಗ್ಸ್ ಮತ್ತು ಸಂಗಡಿಗರು ಎಲ್‌ಇಡಿಯಿಂದ ಹವಳದ ತವರಿನ ಹಗಲಿನ ಉದ್ದ, ಋತುವಿನ ಏರಿಳಿತ, ಹುಣ್ಣಿಮೆ ಅಮಾವಾಸ್ಯೆಗಳನ್ನೆಲ್ಲ ಅನುಕರಿಸಿ, ಮುಚ್ಚಿದ ಕೋಣೆಯ ತೊಟ್ಟಿಗಳಲ್ಲಿ ಹವಳಗಳು ಮೊಟ್ಟೆ ಬಿಡುವಂತೆ ಮಾಡಿದರು. ಅದರ ವಿವರವನ್ನು 2017ರಲ್ಲಿ ಪ್ರಕಟಿಸಿದರು. ಅವರ ನೆರವಿನಿಂದಲೇ ಫ್ಲೋರಿಡಾ ಅಕ್ವೇರಿಯಂನಲ್ಲಿ 2019ರ ಆಗಸ್ಟ್‌ನಲ್ಲಿ ಅಳಿವಿನಂಚಿನ ಕಂಬ ಹವಳ ಮೊಟ್ಟೆ ಬಿಟ್ಟಿತು. ಡಿಸೆಂಬರ್ 21ರ ಸುಮಾರಿಗೆ ನಡುಹಗಲಿನಲ್ಲೂ ಸೂರ್ಯ ದಿಗಂತದಿಂದ ಹದಿನೈದು ಡಿಗ್ರಿಯಷ್ಟೇ ಮೇಲೇರುವ ಲಂಡನ್ನಿನಲ್ಲಿ ಬೇರೆ ದಾರಿಯೇ ಇರಲಿಲ್ಲ. ಅದೇ ದಿನ ಮಂಗಳೂರಿನಲ್ಲಿ ಅವನು ಐವತ್ತಮೂರು ಡಿಗ್ರಿಯ ಮೇಲಿರುತ್ತಾನೆ. ಲಂಡನ್ನಿನ ಪರಿಹಾರವನ್ನು ಇಡಿಯಾಗಿ ತಂದು ನಮ್ಮ ಮೇಲೆ ಹೇರಬೇಡಿ ಎಂಬುದಷ್ಟೇ ನನ್ನ ವಾದ.

ನಮಗೆ ಎಲ್‌ಇಡಿ ಬೇಕಾಗುವುದು ಮಳೆಗಾಲಕ್ಕೆ. ಜೂನ್ ನಡುವಿನಿಂದ ಆಗಸ್ಟ್ ನಡುವಿನಲ್ಲಿ ತುಳುವರ ಆಟಿ ತಿಂಗಳು ಮುಗಿಯುವವರೆಗೆ ಗಾಜಿನ ಹೆಂಚಿನ ಕೆಳಗೆ ಪಾರ್ 30ರ ಮೇಲೇರದ ದಿನಗಳು ಸಾಲುಸಾಲಾಗಿ ಬರುತ್ತವೆ. ಆಗ ದೀಪ ಹಚ್ಚಲೇಬೇಕು, ಅರ್ಧ ಶಕ್ತಿಯಿಂದ ಶುರುಮಾಡಿ ವಾರಗಳ ಮೇಲೆ ಏರಿಸಬೇಕು. ಕರೆಂಟು ಹೋದರೆ ದೀಪದ ಚಿಂತೆ ಬೇಡ, ಎರಡು ದಿನ ಕತ್ತಲಾದರೆ ಹವಳ ಸಾಯುವುದಿಲ್ಲ. ಇನ್ವರ್ಟರ್‌ಗೆ ಪಂಪನ್ನು ಜೋಡಿಸಿ, ಗಾಳಿಯಿಲ್ಲದೆ ಮೀನು ಗಂಟೆಗಳಲ್ಲಿ ಹೋಗುತ್ತದೆ. ಮಾಡಿನ ಮೇಲೆ ಸೌರ ಫಲಕ ಹಾಕಿ ಕೆಳಗೆ ಎಲ್‌ಇಡಿ ಉರಿಸುತ್ತೇವೆ, ಅದೂ ಬಿಸಿಲೇ ಅಲ್ಲವೇ ಎಂದು ಕೇಳುವವರಿದ್ದಾರೆ. ಫಲಕ ಬಿಸಿಲಿನ ಐದರಲ್ಲೊಂದು ಪಾಲನ್ನು ವಿದ್ಯುತ್ತಾಗಿಸುತ್ತದೆ, ದೀಪ ಅದರಲ್ಲಿ ಅರ್ಧವನ್ನು ಬೆಳಕಾಗಿಸುತ್ತದೆ. ಹತ್ತರಲ್ಲೊಂದು ಉಳಿಯಿತು. ಗಾಜಿನ ಹೆಂಚಿನಿಂದ ಅದೇ ಬಿಸಿಲಿನ ಹತ್ತರಲ್ಲಿ ನಾಲ್ಕು ಪಾಲು ಹವಳಕ್ಕೆ ಒದಗುವ ಬೆಳಕಾಗಿ ನೇರ ಇಳಿಯುತ್ತದೆ.

ಲೇಖನದಲ್ಲಿ ಒಂದು ವಾಕ್ಯ ಇರಲೇಬೇಕಿತ್ತು, ಇರಲಿಲ್ಲ. ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲವೂ, ಕಡಲ ಬೀಸಣಿಗೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಬರುವವರು ಒಂದು ಚೂರು ಮುರಿದು ತಂದರೂ ಅಪರಾಧ. ನೀವು ಅಚ್ಚು ಹಾಕಿದ ಚಿತ್ರದಲ್ಲಿದ್ದದ್ದು ಕವಲೊಡೆದ ಗಟ್ಟಿ ಹವಳ. ಅದನ್ನು ನೋಡಿ ಆಸೆಪಟ್ಟ ಓದುಗರಿಗೆ ದಯವಿಟ್ಟು ಈ ಮಾತನ್ನು ತಿಳಿಸಿ.

ಕೊನೆಯದಾಗಿ ಒಂದು ಕೋರಿಕೆ. 1969ರಿಂದ ಮೀನುಗಾರಿಕಾ ಕಾಲೇಜು ಇರುವ ಊರು ನಮ್ಮದು. ಗಾಜಿನ ಹೆಂಚಿನ ಕೆಳಗೆ ಒಂದು, ಎಲ್‌ಇಡಿಯ ಕೆಳಗೆ ಒಂದು, ಎರಡೂ ಒಟ್ಟಿಗಿರುವಲ್ಲಿ ಮತ್ತೊಂದು ಹೀಗೆ ಮೂರು ಸಣ್ಣ ತೊಟ್ಟಿಗಳನ್ನಿಟ್ಟು, ಒಂದು ವರ್ಷ ಪ್ರತಿ ತಿಂಗಳ ಪಾರ್, ನೀರಿನ ಕಾವು, ಹವಳದ ಬೆಳವಣಿಗೆಯನ್ನು ಬರೆದಿಡುವುದು ಈ ಊರಿನ ಯಾವ ವಿದ್ಯಾರ್ಥಿ ತಂಡಕ್ಕೂ ಅಸಾಧ್ಯವಲ್ಲ. ಅಂಥ ಅಂಕಿಗಳು ಕೈಯಲ್ಲಿದ್ದರೆ ನನ್ನಂಥವರೂ ನಿಮ್ಮ ಲೇಖಕರೂ ಊಹೆಯ ಮೇಲೆ ವಾದಿಸಬೇಕಾಗಿಲ್ಲ. ಹೋಲಿಕೆ ನ್ಯಾಯವಾಗಿರಬೇಕಾದರೆ ಮೂರೂ ತೊಟ್ಟಿಗಳಿಗೆ ಒಂದೇ ತಾಯಿಯಿಂದ ಕತ್ತರಿಸಿದ ತುಂಡುಗಳು ಬೇಕು. ಮಶ್ರೂಮ್ ಹವಳವನ್ನು ಹರಿತವಾದ ಅಲಗಿನಿಂದ ಸೀಳಿದರೆ ಒಂದೊಂದು ಹೋಳೂ ಪೂರ್ಣ ಹವಳವಾಗಿ ಬೆಳೆಯುತ್ತದೆ. ನನ್ನ ತೊಟ್ಟಿಯಲ್ಲಿ ಬೇಕಾದಷ್ಟಿವೆ. ಯಾವ ಕಾಲೇಜಿನವರು ಮುಂದೆ ಬಂದರೂ ಮಳೆಗಾಲಕ್ಕೆ ಮೊದಲು ಹಣವಿಲ್ಲದೆ ಕೊಡುತ್ತೇನೆ. ಪತ್ರಿಕೆಯ ಕಚೇರಿಯಲ್ಲಿ ನನ್ನ ವಿಳಾಸವಿದೆ.

ಇಂತಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ, ಮಂಗಳೂರು