ಸಮುದಾಯ ಭವನದ ಬೀಗ ತೆಗೆಸಿ

ಮಾನ್ಯರೇ,

ಹಾಸನದ ನಮ್ಮ ಬಡಾವಣೆಯ ಸಮುದಾಯ ಭವನಕ್ಕೆ ಬೀಗ ಬಿದ್ದು ವರ್ಷಗಳಾದವು. ಸೂರು ಸೋರುತ್ತಿದೆ. ಪಕ್ಕದ ಆಟದ ಜಾಗದಲ್ಲಿ ಪಾರ್ಥೇನಿಯಂ ಸೊಂಟದೆತ್ತರ ಬೆಳೆದಿದೆ, ಜಾರುಬಂಡೆ ತುಕ್ಕು ಹಿಡಿದಿದೆ. ಮಕ್ಕಳು ರಸ್ತೆಯಲ್ಲೇ ಕ್ರಿಕೆಟ್ ಆಡುತ್ತಾರೆ. ಬೈಕ್ ಸದ್ದಾದರೆ ಎದೆ ಝಲ್ಲೆನ್ನುತ್ತದೆ. ನನ್ನ ಮಗಳ ನಾಮಕರಣ ನಡೆದದ್ದು ಇದೇ ಭವನದಲ್ಲಿ. ಸಂಜೆಯಾದರೆ ಹಿರಿಯರು ಇಲ್ಲೇ ಕೂತು ಪೇಪರ್ ಓದುತ್ತಿದ್ದರು.

ಉದ್ಯಾನ, ಆಟದ ಮೈದಾನಗಳನ್ನು ಕಾಪಾಡಲೆಂದೇ ರಾಜ್ಯದಲ್ಲಿ 1985ರ ಕಾಯ್ದೆಯಿದೆ. ಸಂವಿಧಾನದ 12ನೇ ಅನುಸೂಚಿಯಲ್ಲೂ ಇವು ನಗರಾಡಳಿತದ ಕೆಲಸಗಳ ಪಟ್ಟಿಯಲ್ಲಿವೆ. ದೊಡ್ಡ ಕಾಮಗಾರಿ ನಾವು ಕೇಳುತ್ತಿಲ್ಲ. ಮಳೆಗಾಲಕ್ಕೆ ಮುಂಚೆ ಸೂರು ರಿಪೇರಿ, ಎರಡು ದೀಪ, ನಲ್ಲಿ ನೀರು, ಶೌಚಾಲಯಕ್ಕೊಂದು ಬಾಗಿಲು ಆದರೆ ಸಾಕು. ಕಳೆ ಕೀಳಲು ಭಾನುವಾರ ನಾವೇ ಗುದ್ದಲಿ ಹಿಡಿದು ಬರುತ್ತೇವೆ. ಸಂಬಂಧಪಟ್ಟವರು ದಯವಿಟ್ಟು ಬೀಗ ತೆಗೆಸಿಕೊಡಿ.

— ಬಡಾವಣೆಯ ನಿವಾಸಿ, ಹಾಸನ