ವುಸ್ಟರ್ ಮಾಲೆ ಮುಗಿಯಿತು: ಕೈಜೋಡಿಸಿದವರಿಗೆಲ್ಲ ನಮನ

ಅಮೆರಿಕದ ಮೂಲನಿವಾಸಿಗಳಾದ ಚೆರೋಕಿಗಳ ನಡುವೆ ಬಾಳಿದ ಮಿಷನರಿ, ಶಿಕ್ಷಕ ಸ್ಯಾಮ್ಯುಯೆಲ್ ವುಸ್ಟರ್ (1798–1859) ಕುರಿತ ನಮ್ಮ ಲೇಖನಮಾಲೆಯ ಕೊನೆಯ ಕಂತು ಈ ವಾರ ಹೊರಬಂತು. ಓದಿದವರಿಗೆ, ತಿದ್ದಿದವರಿಗೆ, ಪದ ಹುಡುಕಿಕೊಟ್ಟವರಿಗೆ ನಮ್ಮೆಲ್ಲರ ಕೃತಜ್ಞತೆ. (ಇವರು ಬಾಸೆಲ್ ಮಿಷನ್ನಿನವರೇ ಎಂದು ಹಲವರು ಕೇಳಿದ್ದರು. ಅಲ್ಲ. ಇವರನ್ನು ಕಳಿಸಿದ್ದು ಬಾಸ್ಟನ್ನಿನ ಅಮೆರಿಕನ್ ಬೋರ್ಡ್ ಎಂಬ ಮಿಷನ್ ಸಂಸ್ಥೆ.)

ಮೊದಲ ವಂದನೆ, ಕನ್ನಡದ ಅಚ್ಚುಮೊಳೆ ಜೋಡಿಸಿ ಪಳಗಿದ ಹಿರಿಯರಿಗೆ. ಚೆರೋಕಿಯವರೇ ಆದ ಸಿಕ್ವೋಯಾ ತಮ್ಮ ನುಡಿಗಾಗಿ 1821ರಲ್ಲಿ ಪೂರ್ತಿಗೊಳಿಸಿದ ಲಿಪಿಯಲ್ಲಿ 86 ಅಕ್ಷರಗಳಿದ್ದವು; ಒಂದು ಬಳಕೆ ತಪ್ಪಿ 85 ಉಳಿದವು. ಇದು ಮುದ್ರಕನಿಗೆ ಎಂಥ ಅನುಕೂಲ ಎಂಬುದು ನಮಗೆ ಹೊಳೆದದ್ದು ಈ ಹಿರಿಯರು ವಿವರಿಸಿದ ಮೇಲೆಯೇ. ಒತ್ತಕ್ಷರವಿಲ್ಲ, ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ. ಒಂದು ಉಲಿಗೆ ಒಂದೇ ಮೊಳೆ. ಕಷ್ಟ ಇರುವುದು ಕಲಿಯುವವರಿಗೆ. ನಮ್ಮ ಕಾಗುಣಿತದಂತೆ ‘ಗ’ ಬಂದರೆ ‘ಗಿ’ ತಾನಾಗಿ ಬರುವುದಿಲ್ಲ, ಎರಡಕ್ಕೂ ಆಕಾರದಲ್ಲಿ ನಂಟೇ ಇಲ್ಲ. ರೋಮನ್ ‘ಡಬ್ಲ್ಯು’ವಿನಂತೆ ಕಾಣುವುದು ‘ಲ’, ‘ಡಿ’ಯಂತೆ ಕಾಣುವುದು ‘ಅ’. ಹಾಗಾಗಿ ಇಂಗ್ಲಿಷ್ ಬಲ್ಲವರೇ ಹೆಚ್ಚು ತಪ್ಪುತ್ತಾರೆ.

ವುಸ್ಟರ್ ಮಾಡಿದ ಕೆಲಸ ಇಲ್ಲಿದೆ: ಅಕ್ಷರಗಳನ್ನು ಅ, ಎ, ಇ, ಒ, ಉ ಮತ್ತು ಮೂಗಿನಿಂದ ಬರುವ ಆರನೆಯ ಸ್ವರದ ಕ್ರಮದಲ್ಲಿ ಜೋಡಿಸಿ ಪಟ್ಟಿ ಮಾಡಿದರು. ಮುದ್ರಕ ಜಾನ್ ವೀಲರ್ ಆ ಪಟ್ಟಿಯನ್ನೇ ಅನುಸರಿಸಿ ನೂರಕ್ಕೂ ಹೆಚ್ಚು ಗೂಡುಗಳ ಮೊಳೆಪೆಟ್ಟಿಗೆ ಮಾಡಿಸಿದರು. ಬಾಸ್ಟನ್ನಿನಿಂದ ಯಂತ್ರ, ಮೊಳೆ ಬಂದವು. ಕಾಗದವನ್ನು ಮಾತ್ರ ನಾಕ್ಸ್‌ವಿಲ್‌ನಿಂದ ತರಿಸಬೇಕಾಯಿತು. 1828ರ ಫೆಬ್ರವರಿ 21ರಂದು ಚೆರೋಕಿಗಳ ರಾಜಧಾನಿ ನ್ಯೂ ಎಚೋಟಾದಲ್ಲಿ ‘ಚೆರೋಕಿ ಫೀನಿಕ್ಸ್’ ಪತ್ರಿಕೆಯ ಮೊದಲ ಸಂಚಿಕೆ ಅಚ್ಚಾಯಿತು. ಸಂಪಾದಕ ಎಲಿಯಾಸ್ ಬೌಡಿನಾಟ್, ಚೆರೋಕಿಯವರೇ.

ಲಿಪಿಯ ಕೀರ್ತಿಯನ್ನೂ ವುಸ್ಟರ್ ಹೆಸರಿಗೇ ಬರೆಯುವಂತಿದ್ದ ನಮ್ಮ ಎರಡನೆಯ ಕಂತಿನ ಸಾಲನ್ನು ತಿದ್ದಿಸಿದ ಓದುಗರಿಗೆ ವಿಶೇಷ ಧನ್ಯವಾದ. ಆ ಕೀರ್ತಿ ಸಿಕ್ವೋಯಾರದು.

ಕಾನೂನು ಬಲ್ಲ ಗೆಳೆಯರು ವುಸ್ಟರ್ ಮತ್ತು ಜಾರ್ಜಿಯಾ ರಾಜ್ಯದ ನಡುವಿನ ಮೊಕದ್ದಮೆಯ ಗಂಟನ್ನು ಬಿಡಿಸಿಕೊಟ್ಟರು. ಚೆರೋಕಿ ನೆಲದಲ್ಲಿರುವ ಬಿಳಿಯರು ಪರವಾನಗಿ ಪಡೆದು ರಾಜ್ಯನಿಷ್ಠೆಯ ಪ್ರಮಾಣ ಮಾಡಬೇಕೆಂದು ಜಾರ್ಜಿಯಾ ಕಾಯ್ದೆ ಮಾಡಿತ್ತು. ವುಸ್ಟರ್ ಅದಕ್ಕೆ ಒಪ್ಪಲಿಲ್ಲ. 1831ರಲ್ಲಿ ಮೊದಲು ಹಿಡಿದಾಗ, ಅವರು ಒಕ್ಕೂಟ ಸರ್ಕಾರದ ಪೋಸ್ಟ್‌ಮಾಸ್ಟರ್ ಎಂಬ ಕಾರಣಕ್ಕೆ ಬಿಟ್ಟರು. ಆ ಹುದ್ದೆ ಕಿತ್ತುಕೊಂಡು ಮತ್ತೆ ಹಿಡಿದು ನಾಲ್ಕು ವರ್ಷದ ಕಠಿಣ ಶಿಕ್ಷೆ ವಿಧಿಸಿದರು. 1832ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪಿತ್ತರೂ ಜೈಲಿನ ಬಾಗಿಲು ತೆರೆಯಲಿಲ್ಲ. ರಾಜ್ಯ ತೀರ್ಪಿಗೆ ಮಣಿಯಲಿಲ್ಲ. ಮತ್ತೆ ಅರ್ಜಿ ಹಾಕಲು ಕೋರ್ಟಿನ ಮುಂದಿನ ಅಧಿವೇಶನದವರೆಗೂ ಕಾಯಬೇಕಿತ್ತು. ಬಿಡುಗಡೆಯಾದದ್ದು 1833ರ ಜನವರಿಯಲ್ಲಿ, ರಾಜ್ಯಪಾಲರ ಕ್ಷಮಾದಾನದಿಂದ. ‘ಗೆದ್ದರು, ಹೊರಬಂದರು’ ಎಂದು ಒಂದೇ ಉಸಿರಿಗೆ ಬರೆಯದಂತೆ ನಮ್ಮನ್ನು ತಡೆದವರು ಈ ಗೆಳೆಯರು.

ಒಂದು ಕೋರಿಕೆ: ನಮ್ಮ ಮಾಲೆಯ ಅಕ್ಷರಪಟ್ಟಿಯಲ್ಲಿ ಆರನೆಯ ಸ್ವರಕ್ಕೆ ‘ಅಂ’ ಎಂದು ಹಾಕಿದ್ದೇವೆ. ಅದನ್ನು ಅನುಸ್ವಾರದಂತೆ ತುಟಿ ಮುಚ್ಚಿ ಓದಬೇಡಿ. ಬಾಯಿ ತೆರೆದೇ ಇರಲಿ, ಉಸಿರು ಮೂಗಿನಿಂದಲೂ ಹೊರಡಲಿ.